ಮೂರು ಗಾಲಿಯ ಕೂಸುಬಂಡಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನೆಲವನ್ನು ಕುರಿತು ಒಂದು ವಿಚಾರ

೧

ಕಲಬುರಗಿ ಜಿಲ್ಲೆಯ ಪೂರ್ವಭಾಗವು ಚರಿತ್ರಕಾರರಿಗೆ ಅಪರಿಚಿತವಾದುದಲ್ಲ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ ಆಗಿದೆ. ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದ ಪ್ರಸಿದ್ಧ ಘಟಿಕಾಸ್ಥಾನವಿದ್ದಿತು. ಭೀಮಾತೀರದ ಸನ್ನತಿಯಲ್ಲಿ ೧೯೮೬ರಲ್ಲಿ ಅಶೋಕನ ಶಾಸನಗಳು ದೊರೆತ ಮೇಲೆ ಈ ಪ್ರದೇಶದ ಪ್ರಾಚೀನತೆಯನ್ನು ಕುರಿತು ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ಆದರೆ ಅರಸರ ಆನೆ ಕುದುರೆಗಳನ್ನೂ ರಥಗಳನ್ನೂ ಎಣಿಸಿರುವ ನಮ್ಮ ವಿದ್ವಾಂಸರು, ಇದೇ ನೆಲದ ಮೇಲೆ ತಾಯಿಯೊಬ್ಬಳು ತನ್ನ ಕೂಸನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಯಾವ ಸಾಧನದಿಂದ ಕೊಂಡೊಯ್ಯುತ್ತಿದ್ದಳು ಎಂಬುದನ್ನು ವಿಚಾರಿಸಿದುದು ವಿರಳ.

ಇಂದು ಅಂಗಡಿಗಳಲ್ಲಿ ಸ್ಟ್ರೋಲರ್ ಎಂಬ ಹೆಸರಿನಿಂದ ಮಾರಾಟವಾಗುವ ಕೂಸುಬಂಡಿಯು ಈ ಊರುಗಳಿಗೂ ಬಂದಿದೆ. ಅದರಲ್ಲಿಯೂ ಮೂರು ಗಾಲಿಯ, ಮಡಿಸಿ ಇಡಬಹುದಾದ, ನಿತ್ಯದ ಉಪಯೋಗಕ್ಕೂ ಮುಂಜಾನೆಯ ಹಗುರ ಓಟಕ್ಕೂ ಒದಗುವುದೆಂದು ಹೇಳಲಾಗುವ ಬಂಡಿಯ ಕಡೆಗೆ ಯುವ ದಂಪತಿಗಳ ಮನಸ್ಸು ಹರಿಯುತ್ತಿರುವುದು ಸಹಜ. ಇದು ಹೊರದೇಶದ ಹೊಸ ಷೋಕಿ ಎಂದು ಹಿರಿಯರು ಆಕ್ಷೇಪಿಸುವುದೂ ಉಂಟು. ಮೂರು ಗಾಲಿಯ ಬಂಡಿಯು ನಿಜವಾಗಿಯೂ ಹೊಸತೆ? ಈ ಐದು ಊರುಗಳ ನೆಲಕ್ಕೆ ಅದು ಒಪ್ಪುವುದೆ? ಒಪ್ಪುವುದಾದರೆ ಯಾವ ಬಗೆಯದು ಒಪ್ಪೀತು? ಈ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗುವುದು. ಕೂಸುಬಂಡಿಯ ಚರಿತ್ರೆಯು ಅದು ಉರುಳುವ ನೆಲದ ಚರಿತ್ರೆಯೇ ಆಗಿದೆ ಎಂಬುದು ಇಲ್ಲಿ ಪ್ರತಿಪಾದಿಸಬೇಕೆಂದಿರುವ ಮುಖ್ಯ ವಿಷಯ.

೨

ಮೊದಲು ನೆಲದ ವಿಚಾರ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳು ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಸುಣ್ಣಕಲ್ಲಿನ ಪ್ರದೇಶದಲ್ಲಿವೆ. ಈ ಕಲ್ಲು ಪದರ ಪದರವಾಗಿ ಸಹಜವಾಗಿಯೇ ಬಿಡಿಸಿಕೊಳ್ಳುವ ಗುಣವುಳ್ಳುದು. ಆದುದರಿಂದ ಯಂತ್ರಗಳಿಲ್ಲದ ಕಾಲದಲ್ಲಿಯೂ ಹಾರೆ ಉಳಿಗಳಿಂದ ಚಪ್ಪಡಿಗಳನ್ನು ಎಬ್ಬಿಸಲು ಸಾಧ್ಯವಾಯಿತು. ಮನೆಯ ನೆಲ, ಜಗಲಿ, ಅಂಗಳ, ಮಾಳಿಗೆ, ಓಣಿ ಇವೆಲ್ಲವೂ ಈ ಪರಸಿಕಲ್ಲಿನಿಂದಲೇ ಆದುವು. ಮುಂಬಯಿ ಪ್ರಾಂತದಲ್ಲಿ ನೆಲಹಾಸಿನ ಕಲ್ಲಿಗೆ ಊರಿನ ಹೆಸರೇ ಅಂಟಿಕೊಂಡು ‘ಶಹಾಬಾದಿ ಫರಸಿ’ ಎಂಬ ಮಾತು ರೂಢಿಗೆ ಬಂದಿತು. ಚಪ್ಪಡಿಯು ನುಣುಪಾದುದೇ ಹೌದು. ಆದರೆ ಒಂದು ಚಪ್ಪಡಿಗೂ ಮತ್ತೊಂದಕ್ಕೂ ನಡುವೆ ಸಂದು ಇರುತ್ತದೆ, ಕಾಲಕ್ರಮದಲ್ಲಿ ಒಂದು ಕುಸಿದು ಇನ್ನೊಂದು ಎದ್ದು ಎರಡು ಮೂರು ಅಂಗುಲದ ಏರುತಗ್ಗು ಉಂಟಾಗುತ್ತದೆ. ಮಳೆ ಬಿದ್ದಾಗ ಅದೇ ನುಣುಪು ಜಾರಿಕೆಯಾಗುತ್ತದೆ.

ಊರ ಹೊರಗೆ ಬಂದೊಡನೆ ಕರಿಮಣ್ಣು. ತೊಗರಿ ಜೋಳಗಳಿಗೆ ತಾಯಿಯಂತಿರುವ ಈ ಎರೆಭೂಮಿಯು ಬೇಸಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತಾಗುವುದು. ಮಳೆಗಾಲದಲ್ಲಿ ಅಂಟಾಗಿ ಗಾಲಿಯನ್ನು ಹಿಡಿದುಕೊಳ್ಳುವುದು. ಚಿಂಚೋಳಿಯ ಸ್ಥಿತಿ ಬೇರೆ. ಅಲ್ಲಿ ಬೀದರ ಕಡೆಯಿಂದ ಬಂದ ಜಂಬುಮಣ್ಣಿನ ಕೆಂಪು ದಿಣ್ಣೆಗಳೂ ಮುಲ್ಲಾಮಾರಿ ನದಿಯ ಕಣಿವೆಯೂ ಕಾಡೂ ಇವೆ. ದಾರಿಗಳಲ್ಲಿ ಏರಿಳಿತ ಹೆಚ್ಚು, ಗರಸು ಹೆಚ್ಚು.

ಸಂಪರ್ಕದ ವಿಷಯದಲ್ಲಿಯೂ ಈ ಭೇದವಿದೆ. ಮುಂಬಯಿಯಿಂದ ಸೊಲ್ಲಾಪುರದ ಮೇಲೆ ಬಂದ ರೈಲುಮಾರ್ಗವು ಶಹಾಬಾದ, ವಾಡಿಗಳನ್ನು ಹಾದು ೧೮೭೧ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗದೊಡನೆ ಕೂಡಿತು. ೧೮೭೪ರಲ್ಲಿ ನಿಜಾಮನ ರೈಲುಮಾರ್ಗವು ವಾಡಿಯಿಂದ ಸಿಕಂದರಾಬಾದಿಗೆ ತೆರೆಯಲ್ಪಟ್ಟಿತು. ಚಿತ್ತಾಪುರ, ಸೇಡಂಗಳು ಈ ಮಾರ್ಗದ ಮೇಲಿವೆ. ಸಣ್ಣ ಗ್ರಾಮವಾಗಿದ್ದ ವಾಡಿಯು ಜಂಕ್ಷನ್ನಿನಿಂದಲೂ, ೧೯೬೮ರಲ್ಲಿ ಅಲ್ಲಿ ಆರಂಭವಾದ ಎ.ಸಿ.ಸಿ. ಸಿಮೆಂಟು ಕಾರ್ಖಾನೆಯಿಂದಲೂ ಪಟ್ಟಣವಾಯಿತು. ಚಿಂಚೋಳಿ ಪಟ್ಟಣಕ್ಕೆ ರೈಲು ಬರಲಿಲ್ಲ. ಅಲ್ಲಿಯ ಪ್ರಯಾಣವೆಲ್ಲ ರಸ್ತೆಯದು. ಈ ಸಂಗತಿಗಳನ್ನು ಇಲ್ಲಿ ಹೇಳಿದುದಕ್ಕೆ ಕಾರಣವುಂಟು: ಬಂಡಿಯು ಎಲ್ಲಿ ಉರುಳಬೇಕು, ಎಲ್ಲಿ ಮಡಿಸಿ ಎತ್ತಲ್ಪಡಬೇಕು ಎಂಬುದು ಇವುಗಳಿಂದಲೇ ನಿರ್ಣಯವಾಗುವುದು.

೩

ಗಾಲಿಯ ಬಂಡಿ ಬರುವುದಕ್ಕೆ ಮುಂಚೆ ಕೂಸಿನ ವಾಹನವು ತಾಯಿಯ ಮೈಯೇ ಆಗಿದ್ದಿತು. ಬಗಲಲ್ಲಿ ಎತ್ತಿಕೊಳ್ಳುವುದು, ಸೀರೆಯ ಸೆರಗಿನಿಂದ ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವುದು, ಹೊಲದಲ್ಲಿ ಬೇವಿನ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುವುದು, ಇವು ಕಳೆ ಕೀಳುವ, ಕಲ್ಲು ಹೊರುವ ಹೆಂಗಸರು ಕಂಡುಕೊಂಡ ಉಪಾಯಗಳು. ಕುಂಚಿಗೆ ಕುಲಾಯಿಗಳು ಕೂಸಿನ ತಲೆಗೆ, ಕೌದಿ ಮೈಗೆ. ಈ ಉಪಾಯಗಳಲ್ಲಿ ಒಂದು ವಿಶೇಷವಿದೆ: ಇವಕ್ಕೆ ರಸ್ತೆಯ ಅವಶ್ಯಕತೆಯೇ ಇಲ್ಲ. ನೆಲವು ಎಂತಹುದಾದರೂ ತಾಯಿಯ ಕಾಲು ಅದಕ್ಕೆ ಹೊಂದಿಕೊಳ್ಳುತ್ತದೆ. ಗಾಲಿಯಾದರೋ ತನಗೆ ತಕ್ಕ ನೆಲವನ್ನು ಬೇಡುತ್ತದೆ.

ಮನೆಯೊಳಗಿನ ಸಾಧನಗಳಲ್ಲಿ ತೊಟ್ಟಿಲು ಪ್ರಧಾನವಾದುದು. ನಾಮಕರಣಕ್ಕೆ ‘ತೊಟ್ಟಿಲಿಗೆ ಹಾಕುವುದು’ ಎಂಬ ಹೆಸರೇ ಇರುವುದರಿಂದ ಅದರ ಸ್ಥಾನವು ತಿಳಿಯುವುದು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರುಗೊಂಡಿದೆ. ತೊಟ್ಟಿಲಿನಿಂದ ಇಳಿದು ಅಂಬೆಗಾಲು ದಾಟಿದ ಮಗುವಿಗೆ ದಕ್ಷಿಣ ಭಾರತದಲ್ಲೆಲ್ಲ ಬಳಕೆಯಲ್ಲಿರುವ ಮರದ ನಡೆಬಂಡಿಯನ್ನು ಕೊಡುತ್ತಿದ್ದರು. ಇದಕ್ಕೆ ಮೂರು ಗಾಲಿಗಳು: ಹಿಡಿಕೆಯ ಕೆಳಗೆ ಎರಡು, ಮುಂದೆ ಒಂದು. ಚನ್ನಪಟ್ಟಣದ ಕುಶಲಕರ್ಮಿಗಳು ಇದನ್ನು ಅರಗಿನ ಬಣ್ಣವಿಟ್ಟು ಮಾಡಿದುದುಂಟು. ಮಗುವು ಇದರಲ್ಲಿ ಕುಳಿತುಕೊಳ್ಳುವುದಿಲ್ಲ. ನಿಂತು ಹಿಡಿಕೆಯನ್ನು ಹಿಡಿದು ತಾನೇ ತಳ್ಳಿಕೊಂಡು ಹೋಗುವುದು. ಮಗುವನ್ನು ಕೂರಿಸಿ ಓಡಾಡಿಸುವ ಚಕ್ರದ ಪೀಠಗಳನ್ನು ಅಪಘಾತಗಳ ಕಾರಣದಿಂದ ಕೆನಡಾ ದೇಶವು ೨೦೦೪ರಲ್ಲಿ ನಿಷೇಧಿಸಿತು. ನಮ್ಮ ನಡೆಬಂಡಿಯು ಆ ಜಾತಿಯದಲ್ಲ. ಪ್ರಕೃತಕ್ಕೆ ಮುಖ್ಯವಾದುದೇನೆಂದರೆ, ಮಗುವಿಗೂ ಮೂರು ಗಾಲಿಗೂ ಇರುವ ನಂಟು ನಮ್ಮಲ್ಲಿ ಹೊಸದಲ್ಲ ಎಂಬುದು. ನಮ್ಮ ಬಡಗಿಯು ಅದನ್ನು ಪಡಸಾಲೆಯ ಸಮನೆಲಕ್ಕೆಂದು ಮಾಡಿದನೇ ಹೊರತು ಬೀದಿಗೆಂದು ಮಾಡಲಿಲ್ಲ.

೪

ಬೀದಿಗೆಂದು ಮಾಡಿದ ಕೂಸುಬಂಡಿಯ ಚರಿತ್ರೆಯು ಇಂಗ್ಲೆಂಡಿನಲ್ಲಿ ಆರಂಭವಾಗುವುದು. ೧೭೩೩ರಲ್ಲಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿಯು ಡೆವನ್‌ಷೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಪುಟ್ಟ ಗಾಡಿಯೊಂದನ್ನು ರಚಿಸಿದನು. ಅದು ಸಣ್ಣ ಪ್ರಾಣಿಯಿಂದ ಎಳೆಯಲ್ಪಡುವಂತಹುದು, ಉದ್ಯಾನದ ವಿನೋದಕ್ಕಾಗಿ ಆದುದು. ಎಳೆಯುವ ಗಾಡಿಯನ್ನು ತಳ್ಳುವ ಬಂಡಿಯಾಗಿ ಪರಿವರ್ತಿಸಿದುದು ಮುಂದಿನ ಶತಮಾನದ ಕಾರ್ಯ. ೧೮೫೩ರಲ್ಲಿ ಲಂಡನ್ನಿನ ಚಾರ್ಲ್ಸ್ ಬರ್ಟನ್ ಎಂಬವನು ಹಿಂದಿನಿಂದ ತಳ್ಳುವ ಬಂಡಿಗೆ ಹಕ್ಕುಪತ್ರವನ್ನು ಪಡೆದನು. ಆ ಕಾಲದ ಬಂಡಿಗಳಿಗೆ ಇದ್ದುದು ಮೂರೇ ಗಾಲಿ. ಆದುದರಿಂದ ಮೂರು ಗಾಲಿಯು ಇತ್ತೀಚಿನ ಆವಿಷ್ಕಾರವೆಂಬ ಭಾವನೆಯು ಸರಿಯಾದುದಲ್ಲ. ನಾಲ್ಕು ಗಾಲಿಯ ದೊಡ್ಡ ತೊಟ್ಟಿಲುಬಂಡಿಯೇ ಅನಂತರದ ಬೆಳವಣಿಗೆ. ೧೮೮೯ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ಎಂಬವನು ಕೂಸಿನ ಮುಖವನ್ನು ತಳ್ಳುವವರ ಕಡೆಗೂ ತಿರುಗಿಸಬಹುದಾದ ಬಂಡಿಗೆ ಹಕ್ಕುಪತ್ರ ಪಡೆದನು.

ಗಾಲಿಯ ಚರಿತ್ರೆಯಲ್ಲಿ ಅತ್ಯಂತ ಮಹತ್ತ್ವದ ಘಟನೆಯೂ ಒಂದು ಮಗುವಿನ ನಿಮಿತ್ತದಿಂದಲೇ ಒದಗಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕುವುದನ್ನು ತಪ್ಪಿಸಲೆಂದು ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಗಾಲಿಗೆ ಸುತ್ತಿದನು. ೧೮೮೮ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಕಲ್ಲುಹಾಸಿನ ಬೀದಿ, ಮೂರು ಗಾಲಿ, ಒಂದು ಮಗು: ಶಹಾಬಾದದ ಓಣಿಯ ಪ್ರಶ್ನೆಯು ಬೆಲ್‌ಫಾಸ್ಟಿನಲ್ಲಿ ಆಗಲೇ ಎದುರಾಗಿದ್ದಿತು.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಪ್ರತ್ಯೇಕ ಧಾರೆಗಳು ಹುಟ್ಟಿದುವು. ೧೯೬೫ರಲ್ಲಿ ಓವೆನ್ ಮೆಕ್ಲಾರೆನ್ ಎಂಬ ಇಂಜಿನಿಯರನು ಅಲ್ಯೂಮಿನಿಯಂ ಕೊಳವೆಗಳಿಂದ ಕೊಡೆಯಂತೆ ಮಡಿಸಬಹುದಾದ ಹಗುರ ಬಂಡಿಯನ್ನು ರೂಪಿಸಿದನು. ಈತನು ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳನ್ನು ಮಡಿಸುವ ರಚನೆಯಲ್ಲಿ ಕೆಲಸ ಮಾಡಿದವನು. ಅದೇ ಜ್ಞಾನವು ಕೂಸುಬಂಡಿಗೆ ಒದಗಿತು. ಇದರಿಂದ ಬಂಡಿಯು ರೈಲು ಬಸ್ಸುಗಳನ್ನು ಹತ್ತುವಂತಾಯಿತು. ಎರಡನೆಯ ಧಾರೆಯು ಅಮೆರಿಕದ ಯಾಕಿಮಾ ಎಂಬ ಊರಿನದು. ಅಲ್ಲಿಯ ಫಿಲ್ ಬೇಕ್ಲರ್ ಎಂಬ ಓಟಗಾರನು ತನ್ನ ಮಗುವಿನೊಡನೆ ಓಡಬೇಕೆಂಬ ಹಂಬಲದಿಂದ ಕೂಸುಬಂಡಿಗೆ ಸೈಕಲ್ಲಿನ ಗಾಲಿಗಳನ್ನು ಜೋಡಿಸಿ, ೧೯೮೪ರಲ್ಲಿ ಮೂರು ಗಾಲಿಯ ಓಟದ ಬಂಡಿಯನ್ನು ಮಾರುಕಟ್ಟೆಗೆ ತಂದನು. ಒಂದು ಧಾರೆಯು ಬಂಡಿಯನ್ನು ಕಿರಿದಾಗಿಸಿತು, ಇನ್ನೊಂದು ಗಾಲಿಯನ್ನು ಹಿರಿದಾಗಿಸಿತು. ಇಂದಿನ ‘ಮಡಿಸುವ ಮೂರು ಗಾಲಿಯ ಬಂಡಿ’ಯು ಈ ಎರಡನ್ನೂ ಒಂದುಗೂಡಿಸಲು ಮಾಡಿದ ಪ್ರಯತ್ನ. ಅದರ ಗುಣವೂ ದೋಷವೂ ಈ ಸಂಧಿಯಲ್ಲಿಯೇ ಅಡಗಿವೆ.

೫

ಮೂರು ಗಾಲಿಯ ತತ್ತ್ವವನ್ನು ತಿಳಿಯಲು ನಮ್ಮ ಅಡುಗೆಮನೆಯ ಮೂರು ಕಲ್ಲಿನ ಒಲೆಯೇ ಸಾಕು. ನೆಲವು ಎಷ್ಟೇ ಓರೆಯಾಗಿದ್ದರೂ ಮೂರು ಕಲ್ಲಿನ ಮೇಲೆ ಇಟ್ಟ ಗಡಿಗೆಯು ಕುಂಟುವುದಿಲ್ಲ. ನಾಲ್ಕು ಕಾಲಿನ ಮಣೆಯು ಕುಂಟುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುದೇ ಇದಕ್ಕೆ ಕಾರಣ. ಎದ್ದು ಕುಸಿದ ಪರಸಿಯ ಮೇಲೆ ಮೂರು ಗಾಲಿಯ ಬಂಡಿಯ ಎಲ್ಲ ಗಾಲಿಗಳೂ ನೆಲವನ್ನು ಮುಟ್ಟಿಕೊಂಡೇ ಇರುತ್ತವೆ. ಆದರೆ ಆಧಾರದ ಆಕೃತಿಯು ಚತುಷ್ಕೋಣವಾಗಿರದೆ ತ್ರಿಕೋಣವಾಗಿರುವುದರಿಂದ, ಮುಂದಿನ ಎರಡು ಮೂಲೆಗಳಲ್ಲಿ ಆಧಾರವೇ ಇರುವುದಿಲ್ಲ. ವೇಗವಾಗಿ ತಿರುಗಿಸಿದಾಗ ಬಂಡಿಯು ಆ ಮೂಲೆಯ ಕಡೆಗೆ ವಾಲುವ ಸಂಭವವುಂಟು. ಹಿಂದಿನ ಎರಡು ಗಾಲಿಗಳ ನಡುವಣ ಅಂತರವು ಅಗಲವಾಗಿದ್ದಷ್ಟೂ, ಕೂಸಿನ ಪೀಠವು ತಗ್ಗಾಗಿದ್ದಷ್ಟೂ ಈ ಭಯವು ಕಡಮೆ.

ಗಾಲಿಯ ಗಾತ್ರದ ವಿಷಯವನ್ನು ಲೆಕ್ಕದಿಂದಲೇ ತೋರಿಸಬಹುದು. ೩ ಸೆಂಟಿಮೀಟರು ಎದ್ದ ಚಪ್ಪಡಿಯ ಅಂಚನ್ನು ೧೨ ಸೆಂಟಿಮೀಟರು ವ್ಯಾಸದ ಗಟ್ಟಿ ಗಾಲಿಯು ಏರಬೇಕಾದರೆ, ಆ ಗಾಲಿಯ ಮೇಲಿರುವ ಭಾರದ ಸುಮಾರು ೧.೭ ಪಾಲಿನಷ್ಟು ಬಲದಿಂದ ಅಡ್ಡಲಾಗಿ ತಳ್ಳಬೇಕು. ಅದೇ ಅಂಚನ್ನು ೪೦ ಸೆಂಟಿಮೀಟರು ವ್ಯಾಸದ ಗಾಲಿಯು ಏರಲು ಭಾರದ ೦.೬ ಪಾಲು ಸಾಕು. ಎಂದರೆ ಸಣ್ಣ ಗಾಲಿಯು ಮೂರರಷ್ಟು ಶ್ರಮವನ್ನು ಬೇಡುತ್ತದೆ. ವೇಗವಾಗಿ ಬಂದರಂತೂ ಅಲ್ಲಿಯೇ ತಡೆದು ನಿಂತು ಬಂಡಿಯನ್ನು ಮುಗ್ಗರಿಸುವಂತೆ ಮಾಡುತ್ತದೆ. ನಮ್ಮ ಎತ್ತಿನ ಬಂಡಿಯ ಗಾಲಿಯನ್ನು ಹಿರಿಯರು ಆಳೆತ್ತರಕ್ಕೆ ಸಮೀಪವಾಗಿ ಮಾಡಿದುದು ಇದೇ ಕಾರಣದಿಂದ.

೬

ಇನ್ನು ಆಯ್ಕೆಯ ವಿಚಾರ. ನಿತ್ಯದ ಉಪಯೋಗವೆಂದರೆ ಸಂತೆ, ಗುಡಿ, ದವಾಖಾನೆ, ಬಸ್ಸು ನಿಲ್ದಾಣ, ಅಜ್ಜಿಯ ಮನೆ. ಇದಕ್ಕೆ ಹಗುರತೆ, ಒಂದೇ ಕೈಯಿಂದ ಮಡಿಸುವ ಅನುಕೂಲ, ಕಿರಿದಾದ ಬಾಗಿಲಲ್ಲಿ ತಿರುಗುವಂತೆ ಸುತ್ತುವ ಮುಂಗಾಲಿ, ಇವು ಬೇಕು. ಓಟಕ್ಕಾದರೋ ದೊಡ್ಡ ಗಾಲಿ, ಕುಲುಕನ್ನು ತಡೆಯುವ ಸ್ಪ್ರಿಂಗು, ಕೈಬ್ರೇಕು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮುಂಗಾಲಿಯನ್ನು ನೇರವಾಗಿ ಬಿಗಿದು ನಿಲ್ಲಿಸುವ ಕೀಲು ಇರಲೇಬೇಕು. ಓಡುವಾಗ ಸುತ್ತುವ ಗಾಲಿಯು ಸಣ್ಣ ಕಲ್ಲಿಗೆ ತಾಗಿ ಅಡ್ಡ ತಿರುಗಿದರೆ ಬಂಡಿಯು ಉರುಳುವುದು. ಮೂರು ಗಾಲಿ ಇದ್ದಮಾತ್ರಕ್ಕೆ ಅದು ಓಟದ ಬಂಡಿಯಾಗುವುದಿಲ್ಲ. ಓಟಕ್ಕೆ ಯೋಗ್ಯವೆಂದು ತಯಾರಕರು ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಅನೇಕ ಕಿರಿಯ ಬಂಡಿಗಳು ರೂಪದಿಂದ ಓಟದ ಬಂಡಿಗಳಂತೆ ತೋರಿದರೂ ಕೈಪಿಡಿಯು ಓಟವನ್ನು ನಿಷೇಧಿಸಿರುತ್ತದೆ.

ಊರುಗಳನ್ನು ಅನುಸರಿಸಿ ಹೇಳುವುದಾದರೆ, ಶಹಾಬಾದದ ಪರಸಿಯ ಓಣಿಗಳಲ್ಲಿ ಸಂದುಗಳನ್ನು ದಾಟಲು ೨೦ ಸೆಂಟಿಮೀಟರಿಗೆ ಕಡಮೆಯಿಲ್ಲದ, ಅಗಲವಾದ ರಬ್ಬರು ಗಾಲಿಗಳು ಉಚಿತ. ವಾಡಿಯಲ್ಲಿ ಮತ್ತು ಚಿತ್ತಾಪುರ, ಸೇಡಂಗಳಲ್ಲಿ ರೈಲು ಹತ್ತುವ ಕುಟುಂಬಕ್ಕೆ ಮಡಿಸಿದಾಗಿನ ಅಳತೆಯೇ ಮುಖ್ಯ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಬಂಡಿ, ಎದುರಿಗೆ ಮೇಲುಸೇತುವೆಯ ಮೆಟ್ಟಿಲು ಎಂಬುದನ್ನು ಮರೆಯಲಾಗದು. ಕಾರ್ಖಾನೆಗಳ ವಸತಿ ಬಡಾವಣೆಗಳ ಡಾಂಬರು ರಸ್ತೆಗಳೂ ಶಾಲಾ ಮೈದಾನಗಳೂ ಮುಂಜಾನೆಯ ಓಟಕ್ಕೆ ಒದಗಿಯಾವು. ಸುಣ್ಣಕಲ್ಲಿನ ಲಾರಿಗಳು ಓಡಾಡುವ ಹೆದ್ದಾರಿಯು ಎಂದಿಗೂ ಒದಗದು. ಅಲ್ಲಿ ವೇಗದ ಭಯ ಒಂದಾದರೆ, ಲಾರಿಯ ಧೂಳು ಏಳುವುದು ಸರಿಯಾಗಿ ಕೂಸಿನ ಮೂಗಿನ ಎತ್ತರಕ್ಕೆ ಎಂಬುದು ಇನ್ನೊಂದು. ಚಿಂಚೋಳಿಯ ಇಳಿಜಾರುಗಳಲ್ಲಿ ಕೈಬ್ರೇಕು ಇಲ್ಲದ ಬಂಡಿಯನ್ನು ಕೊಳ್ಳಬಾರದು.

ಗಾಳಿ ತುಂಬಿದ ಗಾಲಿಯು ಮೃದುವಾದುದು ನಿಜ. ಆದರೆ ಜಾಲಿಯ ಮುಳ್ಳೂ ನೆಗ್ಗಿಲ ಮುಳ್ಳೂ ಇರುವ ಈ ಸೀಮೆಯಲ್ಲಿ ಸೈಕಲ್ಲು ಇಟ್ಟವರಿಗೆಲ್ಲ ಅದರ ಕಷ್ಟ ತಿಳಿದಿದೆ. ಓಟಕ್ಕಾಗಿ ಕೊಳ್ಳುವವರು ಗಾಳಿಯ ಗಾಲಿಯನ್ನು ಆರಿಸಿ ಪಂಪನ್ನೂ ಇಟ್ಟುಕೊಳ್ಳಲಿ; ನಿತ್ಯದ ಬಳಕೆಯವರು ಒಳಗೆ ಗಟ್ಟಿ ನೊರೆ ತುಂಬಿದ ಗಾಲಿಯನ್ನು ಆರಿಸುವುದು ಲೇಸು. ಗಾಲಿಗೂ ಕವೆಗೂ ನಡುವೆ ಬೆರಳು ಹೋಗುವಷ್ಟಾದರೂ ತೆರಪು ಇರಬೇಕು. ಇಲ್ಲವಾದರೆ ಆಷಾಢದ ಎರೆಮಣ್ಣು ಅಲ್ಲಿ ತುಂಬಿ ಗಾಲಿಯನ್ನು ಕಟ್ಟಿಹಾಕುವುದು.

ಪರೀಕ್ಷಿಸುವ ಕ್ರಮವೂ ಸುಲಭ. ಅಂಗಡಿಯ ನುಣುಪು ನೆಲದ ಮೇಲೆ ಎಲ್ಲ ಬಂಡಿಗಳೂ ಚೆನ್ನಾಗಿಯೇ ಓಡುತ್ತವೆ. ಹತ್ತು ಕಿಲೋ ತೊಗರಿಬೇಳೆಯ ಚೀಲವನ್ನು ಪೀಠದಲ್ಲಿಟ್ಟು, ಪಟ್ಟಿಯಿಂದ ಬಿಗಿದು, ಅಂಗಡಿಯ ಹೊರಗಿನ ಬೀದಿಯಲ್ಲಿ ಒಂದು ಕೈಯಿಂದ ತಳ್ಳಿ ನೋಡಬೇಕು, ಹೊಸ್ತಿಲೊಂದನ್ನು ಹತ್ತಿಸಬೇಕು, ಬ್ರೇಕು ಹಾಕಿ ಇಳಿಜಾರಿನಲ್ಲಿ ನಿಲ್ಲಿಸಬೇಕು, ಕೊನೆಗೆ ಮಡಿಸಿ ಎತ್ತಬೇಕು. ಹೆಗಲೆರಡು, ನಡುವಿನ ಎರಡು ಪಕ್ಕ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಬಿಗಿಯುವ ಪಟ್ಟಿಯಿಲ್ಲದ ಬಂಡಿಯನ್ನು ಅಲ್ಲಿಯೇ ಬಿಟ್ಟುಬರಬೇಕು.

ವಯಸ್ಸಿನ ನಿಯಮವನ್ನು ಇಲ್ಲಿ ಒತ್ತಿ ಹೇಳುವುದು ಅಗತ್ಯ. ಕತ್ತು ಗಟ್ಟಿಯಾಗಿ ನಿಲ್ಲದ ಕೂಸನ್ನು ಕೂರಿಸಿಕೊಂಡು ಓಡಲೇಬಾರದು. ಕನಿಷ್ಠ ಆರು ತಿಂಗಳು ತುಂಬುವವರೆಗೆ, ಕೆಲವರ ಮತದಂತೆ ಎಂಟು ತಿಂಗಳವರೆಗೆ, ಬಂಡಿಯನ್ನು ನಡೆಯಲು ಮಾತ್ರ ಉಪಯೋಗಿಸಬೇಕು. ಓಟಕ್ಕೆ ಮುಂಚೆ ಮಕ್ಕಳ ವೈದ್ಯರನ್ನು ಕೇಳಬೇಕು. ನಮ್ಮ ಸೀಮೆಯ ಬೇಸಗೆಯಲ್ಲಿ ಬಿಸಿಲು ಏರುವುದಕ್ಕೆ ಮುಂಚೆಯೇ ಮನೆಗೆ ಹಿಂದಿರುಗಬೇಕು. ಬಿಸಿಲು ತಾಗದಿರಲೆಂದು ಬಂಡಿಯ ಮುಂದೆ ಸೀರೆಯನ್ನೋ ಟವೆಲನ್ನೋ ಇಳಿಬಿಡುವುದು ಅಪಾಯಕರ. ಗಾಳಿಯಾಡದೆ ಒಳಗೆ ಸೆಕೆಯು ಹೆಚ್ಚುವುದು. ಸಂತೆಯ ಕೈಚೀಲವನ್ನು ಹಿಡಿಕೆಗೆ ನೇತುಹಾಕಿದರೆ, ಮಗುವನ್ನು ಎತ್ತಿಕೊಂಡ ಕ್ಷಣವೇ ಬಂಡಿಯು ಹಿಂದಕ್ಕೆ ಬೀಳುವುದು.

೭

ಈ ವಿವೇಚನೆಯಿಂದ ಮೊದಲಿನ ಪ್ರಶ್ನೆಗಳಿಗೆ ಉತ್ತರ ದೊರೆತಂತಾಯಿತು. ಮೂರು ಗಾಲಿಯು ಹೊಸದಲ್ಲ. ಪಡಸಾಲೆಯಲ್ಲಿ ನಮ್ಮದೇ ನಡೆಬಂಡಿಯಿದ್ದಿತು, ಬೀದಿಯಲ್ಲಿ ೧೮೫೩ರ ಬಂಡಿಯಿದ್ದಿತು. ಅದು ಈ ನೆಲಕ್ಕೆ ಒಪ್ಪುತ್ತದೆ, ಆದರೆ ಗಾಲಿಯು ನೆಲಕ್ಕೆ ತಕ್ಕುದಾಗಿದ್ದರೆ ಮಾತ್ರ. ನಿತ್ಯಕ್ಕೂ ಓಟಕ್ಕೂ ಒಂದೇ ಬಂಡಿ ಬೇಕೆನ್ನುವವರು ತಮ್ಮ ವಾರದಲ್ಲಿ ಓಟವೆಷ್ಟು, ಮೆಟ್ಟಿಲೆಷ್ಟು ಎಂದು ಮೊದಲು ಎಣಿಸಲಿ. ಮೆಟ್ಟಿಲು ಹೆಚ್ಚಾದರೆ ಕಿರಿಯ ಬಂಡಿಯನ್ನು ಕೊಂಡು ನಡೆಯುವುದರಲ್ಲಿ ತೃಪ್ತಿಪಡಬೇಕು. ಓಟವು ಹೆಚ್ಚಾದರೆ ಭಾರವನ್ನು ಸಹಿಸಬೇಕು. ಎರಡನ್ನೂ ಪೂರ್ಣವಾಗಿ ಕೊಡುವ ಬಂಡಿಯಿಲ್ಲ.

ಆದರೆ ಇನ್ನೊಂದು ಪ್ರಶ್ನೆಯು ಉಳಿಯುತ್ತದೆ. ಈ ಊರುಗಳ ಪರಸಿಯನ್ನು ಕಡಿದವರು, ಹೊತ್ತವರು, ಅದನ್ನು ಊರೂರಿನ ನುಣುಪಾದ ನೆಲವನ್ನಾಗಿ ಮಾಡಿದವರು ಗಣಿಯ ಕೆಲಸಗಾರರು. ಅವರಲ್ಲಿ ಕೂಸುಳ್ಳ ತಾಯಂದಿರು ಇದ್ದರು. ಅವರ ಕೂಸು ಗಣಿಯ ಅಂಚಿನಲ್ಲಿ ಜೋಳಿಗೆಯಲ್ಲಿ ಮಲಗಿದ್ದಿತು. ೧೯೪೮ರ ಕಾರ್ಖಾನೆಗಳ ಕಾಯಿದೆಯೂ ೧೯೬೬ರ ಗಣಿ ಶಿಶುಗೃಹ ನಿಯಮಗಳೂ ಇಂತಹ ತಾಯಂದಿರ ಕೆಲಸದ ಎಡೆಯಲ್ಲಿ ಮಕ್ಕಳಿಗೆ ನೆರಳಿನ ಕೋಣೆಯಿರಬೇಕೆಂಬ ತತ್ತ್ವವನ್ನು ವಿಧಿಸಿದುವು. ೨೦೨೩ರಲ್ಲಿ ಕರ್ನಾಟಕ ಸರ್ಕಾರವು ತನ್ನ ಆಯವ್ಯಯದಲ್ಲಿ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ಕೂಸುಬಂಡಿಯನ್ನು ಕೊಳ್ಳಲಾರದ ತಾಯಿಯ ಕೂಸಿಗೂ ಸುರಕ್ಷಿತವಾದ ಒಂದೆಡೆ ಬೇಕು ಎಂಬುದೇ ಇವೆಲ್ಲದರ ಹುರುಳು.

ಬಂಡಿಯು ಒಂದು ಮನೆಯದು, ಬೀದಿಯು ಎಲ್ಲರದು. ದೊಡ್ಡ ಗಾಲಿಯನ್ನು ಕೊಂಡು ಕೆಟ್ಟ ಬೀದಿಯನ್ನು ದಾಟುವುದು ಒಂದು ಕುಟುಂಬಕ್ಕೆ ಸಾಧ್ಯವಾದೀತು. ಕುಸಿದ ಚಪ್ಪಡಿಯನ್ನು ಎತ್ತಿ ಸಮಮಾಡಿದರೆ, ಸಣ್ಣ ಗಾಲಿಯ ಬಂಡಿಯೂ, ಮರದ ನಡೆಬಂಡಿಯನ್ನು ಹಿಡಿದ ಮಗುವೂ, ಕೋಲೂರಿ ನಡೆಯುವ ಮುದುಕಿಯೂ, ಕೂಸನ್ನು ಬಗಲಲ್ಲಿ ಎತ್ತಿಕೊಂಡು ಕೆಲಸದಿಂದ ಹಿಂದಿರುಗುವ ತಾಯಿಯೂ ಎಡವದೆ ಹೋಗುವರು. ಜಗತ್ತಿಗೆ ನೆಲಹಾಸನ್ನು ಕೊಟ್ಟ ಸೀಮೆಯು ತನ್ನ ಮಕ್ಕಳ ಬಂಡಿಗೆ ಹತ್ತು ಮಾರು ಸಮನೆಲವನ್ನು ಕೊಡಲಾರದೆ ಹೋಗಬಾರದು. ಕೊಳ್ಳುವವರ ಆಯ್ಕೆಯು ಗಾಲಿಯಿಂದ ಆರಂಭವಾಗಲಿ. ಊರಿನ ಕರ್ತವ್ಯವು ನೆಲದಿಂದ ಆರಂಭವಾಗಬೇಕು ಎಂಬುದೇ ಈ ಲೇಖನದ ನಿಷ್ಕರ್ಷೆ.